ತುರ್ತು ಸಂದರ್ಭಕ್ಕೆಂದು ಒಂದೇ ರೈಫಲ್ ಇಟ್ಟುಕೊಳ್ಳುವುದಾದರೆ ಯಾವ ಬೋರ್?

ಪ್ರಶ್ನೆ: ವಾಕಡ್ ನಿವಾಸಿ, ಪುಣೆ

ಬಲ್ಲವರಲ್ಲಿ ಒಂದು ವಿಚಾರಣೆ. ನಾನು ಪುಣೆಯ ವಾಕಡ್‌ನ ಬಹುಮಹಡಿ ಕಟ್ಟಡವೊಂದರಲ್ಲಿ ಸಂಸಾರದೊಂದಿಗೆ ವಾಸವಾಗಿದ್ದೇನೆ. ಮೂಲ ಊರು ಖಾನಾಪುರ ತಾಲ್ಲೂಕು. ಮಾವನವರಿಗೆ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರು ಮತ್ತು ಅಡಿಕೆಯ ತೋಟವಿದ್ದು, ವಯಸ್ಸಾದ ಅವರಿಗೆ ನೆರವಾಗಲೆಂದು ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಉಳಿಯುತ್ತೇನೆ.

ಈ ಭಾಗದಲ್ಲಿ ಬದುಕುವವರಿಗೆ ವಿಪತ್ತು ಹೊಸದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮುಂಬೈ ನಿಂತಲ್ಲೇ ನಿಂತಿತು. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ ಮತ್ತು ಸಾಂಗ್ಲಿಯ ನೆರೆಯಿಂದ ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. 2020ರ ಅಕ್ಟೋಬರ್ 12ರಂದು ಮುಂಬೈ ಮಹಾನಗರವೇ ವಿದ್ಯುತ್ತಿಲ್ಲದೆ ತಾಸುಗಟ್ಟಲೆ ಕಾಯಿತು. ಕುಡಿಯುವ ನೀರು, ಔಷಧಿ, ಟಾರ್ಚ್, ಬ್ಯಾಟರಿ ರೇಡಿಯೊ, ಸಣ್ಣ ಸಿಲಿಂಡರ್ ಇವನ್ನೆಲ್ಲ ಮನೆಯಲ್ಲಿ ಹೊಂದಿಸಿಟ್ಟುಕೊಂಡಿದ್ದೇನೆ. ಇನ್ನು ಉಳಿದಿರುವುದು ಒಂದು ಬಂದೂಕು ಎಂಬ ಆಲೋಚನೆ ಬಂದಿದೆ. ಮನೆಯವರಿಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ.

ಬೋರ್, ಎಂದರೆ ನಳಿಗೆಯ ಒಳಗಿನ ಅಗಲದ ಅಳತೆ, ಯಾವುದಿರಬೇಕೆಂದು ಅಮೆರಿಕದವರ ಬರಹಗಳನ್ನು ಓದಿದರೆ ಅಂಗುಲದ ಲೆಕ್ಕದಲ್ಲಿ .223 ಎಂದು ಒಬ್ಬರು, .308 ಎಂದು ಇನ್ನೊಬ್ಬರು, .30-06 ಇದ್ದರೆ ಬೇರೇನೂ ಬೇಡವೆಂದು ಮತ್ತೊಬ್ಬರು ವಾದಿಸುತ್ತಾರೆ. ಪುಣೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಈ ಯಾವುದನ್ನೂ ಹೇಳದೆ .315 ಎಂಬುದನ್ನು ತೋರಿಸಿದರು. ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ಒಂದೇ ರೈಫಲ್, ಅದೂ ಪುಣೆಯ ಮನೆ ಮತ್ತು ಗೋವಾದ ತೋಟ ಎರಡಕ್ಕೂ ಹೊಂದುವಂಥದು ಬೇಕೆಂದರೆ, ಯಾವ ಬೋರ್ ಆರಿಸಿಕೊಳ್ಳುವುದು ಸೂಕ್ತ? ತೋಟೆಗಳು (ಮದ್ದು ಮತ್ತು ಗುಂಡು ಸೇರಿಸಿದ ಕಾರ್ಟ್ರಿಜ್‌ಗಳು) ವರ್ಷಾನುಗಟ್ಟಲೆ ಸಿಗುತ್ತಿರಬೇಕು, ಇಟ್ಟರೆ ಕೆಡಬಾರದು, ಬಳಸಲು ಕಲಿಯುವುದು ತೀರಾ ಕಷ್ಟವಾಗಬಾರದು ಎಂಬುದು ನನ್ನ ಅಪೇಕ್ಷೆ.

ಉತ್ತರ 1: ನಿವೃತ್ತ ತಪಾಸಣಾಧಿಕಾರಿ, ಖಡಕಿ

ಮಾನ್ಯರೇ, ತಾವು ಓದಿದ ಅಮೆರಿಕದ ಚರ್ಚೆಯಲ್ಲಿ ಮುಕ್ಕಾಲು ಪಾಲನ್ನು ಮೊದಲೇ ಪಕ್ಕಕ್ಕಿಡಬೇಕಾಗುತ್ತದೆ. ಅಲ್ಲಿ ಬೋರ್ ಆಯ್ಕೆಯೆಂದರೆ ಗುಂಡಿನ ತೂಕ, ವೇಗ, ದೂರಗಳ ಲೆಕ್ಕಾಚಾರ. ನಮ್ಮಲ್ಲಿ ಅದು ಮೊದಲು ಕಾನೂನಿನ ಪ್ರಶ್ನೆ, ಎರಡನೆಯದಾಗಿ ತೋಟೆ ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆ, ಗುಂಡಿನ ಗುಣ ಏನಿದ್ದರೂ ಆಮೇಲಿನದು.

1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿಯ ನಿಯಮಗಳು ಬಂದೂಕುಗಳನ್ನು ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಎಂದು ವಿಂಗಡಿಸುತ್ತವೆ. .303 ಅಥವಾ 7.62 ಮಿಲಿಮೀಟರ್ ರೈಫಲ್‌ಗಳು, ಹಾಗೆಯೇ ಆ ಅಳತೆಯ ಸೇನಾ ತೋಟೆಯನ್ನು ತುಂಬಿ ಹಾರಿಸಬಹುದಾದ ಬೇರೆ ಯಾವುದೇ ಬೋರಿನ ರೈಫಲ್‌ಗಳು, ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವಂಥವಾದರೂ ಸರಿ, ನಿಷೇಧಿತ ವರ್ಗಕ್ಕೇ ಸೇರುತ್ತವೆ. ತಾವು ಹೆಸರಿಸಿದ .308 ಇಲ್ಲಿಯೇ ಬಿದ್ದುಹೋಗುತ್ತದೆ, ಏಕೆಂದರೆ ಅದು ನಮ್ಮ ಸೇನೆಯ 7.62×51ರ ನಾಗರಿಕ ರೂಪ. .223ರ ಹೊಗಳಿಕೆಯೆಲ್ಲ ಬಹುಮಟ್ಟಿಗೆ ಒಂದು ಗುಂಡು ಹಾರಿದೊಡನೆ ಇನ್ನೊಂದನ್ನು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್‌ಗಳಿಗೆ ಸಂಬಂಧಿಸಿದ್ದು. ಅಂಥ ರೈಫಲ್ ಕೂಡ ಇಲ್ಲಿ ಸಾಮಾನ್ಯ ನಾಗರಿಕನ ಕೈಗೆ ಬರುವಂಥದ್ದಲ್ಲ. ನಿಷೇಧಿತ ಬೋರಿನ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ತಮಗಾಗಲಿ ನನಗಾಗಲಿ ಅದು ಸಿಗುವ ಕಾರಣವೇ ಇಲ್ಲ.

ಅಂಗಡಿಯವರು .315 ತೋರಿಸಿದ್ದರ ಹಿಂದೆ ಒಂದು ಇತಿಹಾಸವಿದೆ. .303 ಬ್ರಿಟಿಷ್ ಭಾರತದ ಸೇನೆಯ ತೋಟೆ. ಅದು ಸಾರ್ವಜನಿಕರ ಕೈಸೇರಿದರೆ ಕದ್ದ ಸೇನಾ ಮದ್ದುಗುಂಡಿಗೂ ಬೇಡಿಕೆ ಹುಟ್ಟುತ್ತದೆಂಬ ಭಯದಿಂದ ಸರಕಾರ ಅದನ್ನು ನಾಗರಿಕರಿಗೆ ನಿಲ್ಲಿಸಿತು. ಆಗ ಬೇಟೆಗಾರರಿಗೆಂದು ಆಸ್ಟ್ರಿಯಾದ 8×50 ಮ್ಯಾನ್ಲಿಕರ್ ತೋಟೆಯನ್ನು ಆಧರಿಸಿದ .315 ಬಳಕೆಗೆ ಬಂತು. ಸುಮಾರು 244 ಗ್ರೇನ್, ಎಂದರೆ ಹದಿನಾರು ಗ್ರಾಮಿಗೆ ಹತ್ತಿರದ, ಮೂತಿಯಲ್ಲಿ ಸೀಸ ಕಾಣುವ ಭಾರದ ಗುಂಡು ಅದರದು. ಇಶಾಪುರದ ರೈಫಲ್ ಕಾರ್ಖಾನೆ ಹಳೆಯ ಲೀ-ಎನ್‌ಫೀಲ್ಡ್ ರಚನೆಯಲ್ಲೇ ಅದಕ್ಕೊಂದು ರೈಫಲ್ ಮಾಡಿತು. ಹೀಗೆ ನೋಡಲು ತ್ರೀ ನಾಟ್ ತ್ರೀಯ (.303ರ) ತಮ್ಮನಂತಿದ್ದು, ಅದರ ತೋಟೆಯನ್ನು ಮಾತ್ರ ಸೇರಿಸಿಕೊಳ್ಳದ ಈ ರೈಫಲ್ ಜಗತ್ತಿನ ಬೇರೆ ಕಡೆ ಹೆಚ್ಚುಕಡಿಮೆ ಮರೆತುಹೋಗಿದ್ದರೂ ಇಲ್ಲಿ ಉಳಿದುಕೊಂಡಿದೆ.

ತೋಟೆಯ ಹಿಂಭಾಗದ ಹಿತ್ತಾಳೆಯ ಬಿಲ್ಲೆಯನ್ನು ತಿರುಗಿಸಿ ನೋಡಿದರೆ 8 ಎಂಎಂ (ಅಂಗುಲದಲ್ಲಿ .315) ಎಂಬುದರ ಜತೆಗೆ ಕೆ.ಎಫ್. ಎಂಬ ಎರಡು ಅಕ್ಷರಗಳು ಕೊರೆದಿರುವುದು ಕಾಣುತ್ತದೆ. ಆ ಕೆ. ನಮ್ಮ ಖಡಕಿಯೇ. 1869ರಲ್ಲಿ ಶುರುವಾದ ಇಲ್ಲಿನ ಮದ್ದುಗುಂಡು ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರಕಾರಿ ಕಂಪನಿಯ ಅಡಿಯಲ್ಲಿದೆ. ಅದರ ಕೇಂದ್ರ ಕಚೇರಿಯೂ ಪುಣೆಯಲ್ಲೇ ಇದೆ. ಇಶಾಪುರದ ಕಾರ್ಖಾನೆ ಬೇರೊಂದು ಕಂಪನಿಗೆ ಹೋಯಿತು. ವರ್ಷಾನುಗಟ್ಟಲೆ ತೋಟೆ ಸಿಗುತ್ತಿರಬೇಕೆಂಬ ತಮ್ಮ ಷರತ್ತಿಗೆ ನನ್ನ ಉತ್ತರವೆಂದರೆ, ದೇಶದೊಳಗೆ ತಯಾರಾಗುವ ಬೋರನ್ನು ಬಿಟ್ಟು ಬೇರೆಯದಕ್ಕೆ ಕೈಹಾಕಬೇಡಿ. ಹಳೆಯ ಮನೆತನಗಳಲ್ಲಿ ಇಂಗ್ಲೆಂಡಿನ ಅಂದವಾದ ರೈಫಲ್‌ಗಳಿವೆ. ಅವುಗಳ ತೋಟೆ ಸಿಗದೆ ಗೋಡೆಯ ಅಲಂಕಾರವಾಗಿ ಉಳಿದಿವೆ.

ಇನ್ನು .30-06. 1906ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಈ ತೋಟೆ ನಮ್ಮ ಸೇನೆಯ ಬಳಕೆಯಲ್ಲಿಲ್ಲದ್ದರಿಂದ ನಿಷೇಧಿತ ವರ್ಗದ ಹೊರಗಿದೆ. ಇದರ ರೈಫಲ್ಲೂ ಇಶಾಪುರದಲ್ಲಿ ತಯಾರಾಗಿದೆ. ಬಲದಲ್ಲಿ .315ಕ್ಕಿಂತ ಮೇಲು, ದೂರಕ್ಕೆ ನೇರವಾಗಿ ಹೋಗುತ್ತದೆ, ಭುಜಕ್ಕೆ ಒದೆಯುವುದೂ ಜೋರು. ಆದರೆ ತೋಟೆ .315ರಷ್ಟು ಸಲೀಸಾಗಿ ಎಲ್ಲ ಅಂಗಡಿಗಳಲ್ಲಿ ಸಿಗುವುದನ್ನು ನಾನು ಕಂಡಿಲ್ಲ.

ಬೋರಿನ ಅಳತೆಯೇ ಬಲವಲ್ಲ ಎಂಬುದನ್ನೂ ಗಮನಿಸಿ. .22 ರಿಮ್‌ಫೈರ್ (ಬುಡದ ಅಂಚಿಗೆ ಪಿನ್ನು ಬಡಿದು ಹಾರುವ ಸಣ್ಣ ತೋಟೆ) ಮತ್ತು ಸೇನೆಯ 5.56 ಮಿಲಿಮೀಟರ್ ಎರಡರ ಗುಂಡೂ ಅಗಲದಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲನೆಯದು ನಳಿಗೆಯಿಂದ ಹೊರಬೀಳುವಾಗ ಅದರ ಶಕ್ತಿ ಸುಮಾರು 150 ಜೂಲ್; ಎರಡನೆಯದರದು ಅದರ ಹತ್ತು ಪಟ್ಟಿಗೂ ಹೆಚ್ಚು; .30-06ರದು 3,500 ಜೂಲ್ ದಾಟುತ್ತದೆ. ತೋಟೆಯೊಳಗೆ ಎಷ್ಟು ಮದ್ದು, ಗುಂಡಿನ ತೂಕವೆಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತಾವು ಕೇಳಿದ ಅರ್ಥದಲ್ಲಿ, ಒಂದೇ ರೈಫಲ್ ಎಂದರೆ, ನಾನು .315 ಎನ್ನುತ್ತೇನೆ.

ಉತ್ತರ 2: ತೋಟದವ, ಸತ್ತರಿ

ಹಿರಿಯರು ಖಡಕಿಯಿಂದ ಬರೆದದ್ದರಲ್ಲಿ ತಪ್ಪು ಹುಡುಕುವಷ್ಟು ದೊಡ್ಡವ ನಾನಲ್ಲ. ಆದರೆ ತೋಟದ ಮಟ್ಟಿಗೆ ಅವರ ತೀರ್ಮಾನವನ್ನು ಒಪ್ಪಲಾರೆ. ನಮ್ಮ ಕಡೆಯ ನೆಲವನ್ನು ನೋಡಿದವರು ಇಲ್ಲಿ ರೈಫಲ್ ಬೇಕೆನ್ನುವುದಿಲ್ಲ.

ಸತ್ತರಿಯ ಗೇರು ಗುಡ್ಡವೆಂದರೆ ಮೇಲೆ ಮುರಕಲ್ಲಿನ ಹಾಸು, ಕೆಳಗೆ ಅಡಿಕೆಯ ಕಣಿವೆ, ನಡುವೆ ಕಾಲುದಾರಿ. ಆ ದಾರಿಯಲ್ಲಿ ಬೆಳಕು ಹರಿಯುವ ಮೊದಲೇ ಹಾಲಿನವರು ನಡೆಯುತ್ತಾರೆ, ಗೇರು ಹಣ್ಣು ಬೀಳುವ ಕಾಲದಲ್ಲಿ ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಮರದ ಬುಡದಲ್ಲಿ ಬಗ್ಗಿರುತ್ತಾರೆ. .315 ಅಥವಾ .30-06ರ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಮುರಕಲ್ಲಿಗೆ ಓರೆಯಾಗಿ ತಾಗಿದರೆ ಯಾವ ಕಡೆಗೆ ಸಿಡಿಯುತ್ತದೆಂದು ಹೇಳಲು ಬರುವುದಿಲ್ಲ. ಗುಂಡಿನ ಹಿಂದೆ ಮಣ್ಣಿನ ದಿಬ್ಬವಿದೆಯೇ ಎಂದು ನೋಡಿ ಹಾರಿಸುವಷ್ಟು ಜಾಗ ನಮ್ಮ ತೋಟಗಳಲ್ಲಿಲ್ಲ. ಚಿಕ್ಕದೆಂದು .22ನ್ನೂ ನಂಬಬೇಡಿ, ಅದೂ ಒಂದು ಕಿಲೋಮೀಟರ್ ದಾಟಿ ಹೋಗಬಲ್ಲದು. ಇದೇ ಕಾರಣಕ್ಕೆ ನಮ್ಮಲ್ಲಿ ತಲೆಮಾರುಗಳಿಂದ ಇರುವುದು ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ 12 ಬೋರ್ ಕೋವಿ (ಚರೆ ಹಾರಿಸುವ, ನಯವಾದ ನಳಿಗೆಯ ಬಂದೂಕು), ಅದಕ್ಕೂ ಹಿಂದೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಸಣ್ಣ ಚರೆಯ ತೋಟೆಯಾದರೆ ಕೆಲವು ನೂರು ಮೀಟರಿನೊಳಗೆ ಅದರ ಶಕ್ತಿ ಮುಗಿಯುತ್ತದೆ. ಬಹಳ ಸಲ ಅದನ್ನು ಗಾಳಿಗೆ ಹಾರಿಸಿ ಸದ್ದು ಮಾಡಿದರೇ ಕೆಲಸ ಆಗುತ್ತದೆ.

ಹಂದಿ, ಮಂಗ, ಕಾಟಿ (ಕಾಡುಕೋಣ) ಇವುಗಳ ಕಾಟ ನಿಜ. ಆದರೆ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ನಿಷಿದ್ಧ. ಬೆಳೆ ರಕ್ಷಣೆಯ ಪರವಾನಗಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಕಾಡುಪ್ರಾಣಿಯನ್ನು ಕೊಲ್ಲಲು ಅನುಮತಿ ದೊರೆತಂತಲ್ಲ. ಇನ್ನೊಂದು ವಿಷಯ ಪುಣೆಯಲ್ಲಿ ಕುಳಿತವರಿಗೆ ಗೊತ್ತಿರಲಾರದು. ನಮ್ಮ ತಾಲ್ಲೂಕಿನ ದೊಡ್ಡ ಭಾಗ 1999ರಲ್ಲಿ ಘೋಷಣೆಯಾದ ಮಾದೆಯಿ ಅಭಯಾರಣ್ಯದ ಒಳಗೆ ಅಥವಾ ಅಂಚಿನಲ್ಲಿದೆ. ಅದೇ ಕಾಯ್ದೆಯ 34ನೆಯ ಕಲಮಿನ ಪ್ರಕಾರ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಬಂದೂಕು ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ತಮ್ಮ ಮಾವನವರ ತೋಟ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಅಳೆದು ನೋಡಿ, ಆಮೇಲೆ ಬೋರಿನ ಮಾತು.

ಇಟ್ಟರೆ ಕೆಡಬಾರದು ಎಂದಿದ್ದೀರಿ. ನಮ್ಮ ಮಳೆಗಾಲ ಅದನ್ನು ಪರೀಕ್ಷಿಸುತ್ತದೆ. ಹಳೆಯ ಕಾಗದದ ಕೊಳವೆಯ 12 ಬೋರ್ ತೋಟೆಗಳು ಆಷಾಢ ಮುಗಿಯುವಷ್ಟರಲ್ಲಿ ಉಬ್ಬಿ, ನಳಿಗೆಯ ಬಾಯಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ಹೆಬ್ಬೆರಳಿನಿಂದ ಒತ್ತಿದರೂ ಒಳಗೆ ಹೋಗುತ್ತಿರಲಿಲ್ಲ. ಪ್ಲಾಸ್ಟಿಕ್ ಕೊಳವೆಯವು ಉಬ್ಬುವುದಿಲ್ಲವಾದರೂ ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟರಂತೂ ಚರ್ಮ ಹದಮಾಡಿದ ರಾಸಾಯನಿಕವೇ ಹಿತ್ತಾಳೆಯನ್ನು ತಿನ್ನುತ್ತದೆ. ನಾನು ತೋಟೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳೊಂದಿಗೆ ಇಡುತ್ತೇನೆ. ಅಟ್ಟದ ಮೇಲೆ, ಹೊಗೆ ಗೂಡಿನ ಹತ್ತಿರ ಬೆಚ್ಚಗಿರಲಿ ಎಂದು ಇಡುವ ಹಳೆಯ ರೂಢಿ ತೇವಕ್ಕೆ ಒಳ್ಳೆಯದೆನಿಸಿದರೂ ಬಿಸಿಗೆ ಮದ್ದು ಬೇಗ ಹಳಸುತ್ತದೆ, ಬೇಡ. ನಳಿಗೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಎಣ್ಣೆಬಟ್ಟೆಯಿಂದ ಒರೆಸದಿದ್ದರೆ ಬೆರಳಚ್ಚು ಬಿದ್ದ ಜಾಗದಲ್ಲೇ ತುಕ್ಕು ಏಳುತ್ತದೆ.

ಇನ್ನೊಂದು ಮಾತು, ತುರ್ತಿನ ಬಗ್ಗೆಯೇ. ಚುನಾವಣೆ ಘೋಷಣೆಯಾದರೆ ಪರವಾನಗಿದಾರರಿಗೆ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸುವ ಆದೇಶ ಬರುವುದುಂಟು, ಫಲಿತಾಂಶ ಬಂದ ಮೇಲೆಯೇ ಅದು ವಾಪಸು. ಊರಿನಲ್ಲಿ ಬಿಗುವಿದ್ದಾಗಲೇ ಕೈಯಲ್ಲಿರದ ವಸ್ತುವನ್ನು ತುರ್ತು ಸಾಮಗ್ರಿಯ ಪಟ್ಟಿಗೆ ಸೇರಿಸಬಹುದೇ ಎಂದು ತಾವೇ ಯೋಚಿಸಿ.

ಉತ್ತರ 3: ಕರಾವಳಿಯ ವಕೀಲೆ, ಮಾಟುಂಗಾ, ಮುಂಬೈ

ಬೋರ್ ಯಾವುದಿರಬೇಕೆಂದು ಹೇಳುವ ತಿಳಿವಳಿಕೆ ನನಗಿಲ್ಲ. ಪರವಾನಗಿಯ ಕಡತಗಳನ್ನು ನೋಡುವ ವೃತ್ತಿಯವಳಾಗಿ ಕೆಲವು ಮಾತು ಮಾತ್ರ ಹೇಳುತ್ತೇನೆ.

ವಾಕಡ್ ಈಗ ಪಿಂಪ್ರಿ ಚಿಂಚವಡ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯಲ್ಲಿದೆ, ತಮ್ಮ ಅರ್ಜಿ ಅಲ್ಲಿಗೇ ಹೋಗಬೇಕು. ಗೋವಾದ ತೋಟಕ್ಕೆಂದು ತಮ್ಮ ಮಾವನವರು ಕೇಳುವುದಾದರೆ ಅವರಿಗೆ ಉತ್ತರ ಗೋವಾದ ಜಿಲ್ಲಾಧಿಕಾರಿಗಳು. ಇವೆರಡನ್ನೂ ಒಂದೇ ಬಂದೂಕಿನಿಂದ ಮುಗಿಸಬೇಕೆಂಬ ಆಲೋಚನೆಯಲ್ಲೇ ತೊಡಕಿದೆ. ಪರವಾನಗಿಯ ಮೇಲೆ ಅದು ಊರ್ಜಿತವಾಗುವ ಪ್ರದೇಶವನ್ನು ನಮೂದಿಸಿರುತ್ತಾರೆ. ಮಹಾರಾಷ್ಟ್ರಕ್ಕೆ ಮಾತ್ರ ಎಂದಿದ್ದರೆ ಗೋವಾದ ಗಡಿ ದಾಟಿದ ಕ್ಷಣದಿಂದ ತಾವು ಪರವಾನಗಿಯಿಲ್ಲದೆ ಬಂದೂಕು ಹೊತ್ತವರಾಗುತ್ತೀರಿ. ಅದೇ ರೀತಿ ತಮ್ಮ ಹೆಸರಿನ ಬಂದೂಕನ್ನು ಮಾವನವರಾಗಲಿ, ಮನೆಯವರಾಗಲಿ ತಾವಿಲ್ಲದಾಗ ಬಳಸುವಂತಿಲ್ಲ. ತುರ್ತು ಪರಿಸ್ಥಿತಿಯೆಂದರೆ ಬಹುಪಾಲು ಮನೆಯ ಯಜಮಾನ ಆಫೀಸಿನಲ್ಲಿ ಸಿಕ್ಕಿಕೊಂಡಿರುವ ಹೊತ್ತೇ ಆಗಿರುತ್ತದೆ ಎಂಬುದನ್ನು 2005ರ ಮಳೆ ಕಂಡ ಯಾವ ಮುಂಬೈವಾಸಿಯೂ ಹೇಳಬಲ್ಲ.

ಕಾಯ್ದೆಯ 13ನೆಯ ಕಲಮು ಯಾರಿಗೆ ಯಾವ ಬಗೆಯ ಬಂದೂಕು ಎಂಬುದನ್ನು ಬಹುಮಟ್ಟಿಗೆ ತಾನೇ ಸೂಚಿಸುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕು. ಬೆಳೆ ರಕ್ಷಣೆಗೆ, ಅಧಿಕಾರಿಗೆ ಸಾಕೆನಿಸಿದರೆ, ಬಾಯಿಯಿಂದ ಮದ್ದು ತುಂಬುವ ಕೋವಿ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕೆ .22 ರೈಫಲ್. ಇವಲ್ಲದೆ ಬೇರೆಯದು ಬೇಕಾದರೆ ಅದಕ್ಕೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಪ್ರಾಣಭಯವಿದೆಯೆಂದು ಬರೆದರೆ ಪೊಲೀಸರು ಬಂದು ಯಾರಿಂದ, ಏಕೆ, ಹಿಂದೆ ದೂರು ಕೊಟ್ಟಿದ್ದೀರಾ ಎಂದು ಕೇಳುತ್ತಾರೆ. ‘ಮುಂದೆಂದಾದರೂ ವ್ಯವಸ್ಥೆ ಕುಸಿದರೆ’ ಎಂಬುದು ಆ ನಮೂನೆಯಲ್ಲಿ ಯಾವ ಅಂಕಣಕ್ಕೂ ಹೊಂದುವ ಉತ್ತರವಲ್ಲ.

2016ರ ನಿಯಮಗಳ ನಂತರ ಸುರಕ್ಷಿತ ಬಳಕೆಯ ತರಬೇತಿ ಮತ್ತು ಸುರಕ್ಷಿತವಾಗಿ ಬೀಗದೊಳಗಿಡುವ ಮುಚ್ಚಳಿಕೆ ಎರಡೂ ಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ತೋಟೆಗಳ ವಿಷಯವೂ ಹಾಗೆಯೇ: ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ, ವಿದೇಶದವರಂತೆ ಪೆಟ್ಟಿಗೆಗಟ್ಟಲೆ ಸಂಗ್ರಹಿಸಿಡುವ ಪ್ರಶ್ನೆಯೇ ಬರುವುದಿಲ್ಲ. ಖಾಲಿ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಹವ್ಯಾಸವನ್ನು ಅಲ್ಲಿನ ಬರಹಗಳಲ್ಲಿ ಓದಿದ್ದೀರಾದರೆ ಅದನ್ನು ಅಲ್ಲಿಗೇ ಬಿಡಿ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಕೆ ಗಂಭೀರ ಅಪರಾಧ.

ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ, ಅದು ಎಲ್ಲರಿಗೂ ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಲು ಅದು ಅವಕಾಶ ಕೊಡುವುದಿಲ್ಲ. ಫ್ಲ್ಯಾಟಿನೊಳಗೆ ರೈಫಲ್ ಹಾರಿಸಿದರೆ ಗುಂಡು ನಡುಗೋಡೆಯನ್ನು ದಾಟಿ ಪಕ್ಕದ ಮನೆಗೆ ಹೋಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹಾಗಾದಾಗ ನ್ಯಾಯಾಲಯದಲ್ಲಿ ನಿಲ್ಲಬೇಕಾದವರು ಬೋರ್ ಸಲಹೆ ಕೊಟ್ಟವರಲ್ಲ.

ಉತ್ತರ 4: ಗುರಿ ಅಭ್ಯಾಸಿ, ಬಾಲೇವಾಡಿ

ವಕೀಲ ಮೇಡಂ ಅವರು ಬರೆದದ್ದರಿಂದಲೇ ಉತ್ತರ ತಾನಾಗಿ ಹೊರಡುತ್ತದೆ: .22. ರೈಫಲ್ಲಿಗೆ ಕಾನೂನು ಸ್ವತಃ ತೆರೆದಿಟ್ಟಿರುವ ಬಾಗಿಲು ಅದೊಂದೇ, ಮತ್ತು ರೈಫಲ್ ಬಳಸಲು ನಿಜವಾಗಿ ಕಲಿಯುವ ದಾರಿಯೂ ಅದೇ.

ನನ್ನ ಅನಿಸಿಕೆಯಲ್ಲಿ ತುರ್ತಿಗೆಂದು ಬಂದೂಕು ಕೊಳ್ಳುವವರು ಬೋರಿನ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸಿ, ಕೊಂಡ ಮೇಲೆ ಬೆರಳೆಣಿಕೆಯ ತೋಟೆಗಳನ್ನೂ ಹಾರಿಸದೆ ಕಪಾಟಿನಲ್ಲಿಡುತ್ತಾರೆ. .315ರ ಸದ್ದಿಗೆ ಮತ್ತು ಒದೆತಕ್ಕೆ ಹೊಸಬರು ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಮುದುಡುತ್ತಾರೆ. ಆ ಅಭ್ಯಾಸ ಒಮ್ಮೆ ಹಿಡಿದರೆ ಬಿಡಿಸುವುದು ಕಷ್ಟ. .22ರ ಗುಂಡು 40 ಗ್ರೇನ್, ಎರಡೂವರೆ ಗ್ರಾಮಿನ ಆಸುಪಾಸು, ಒದೆತ ಇಲ್ಲವೆಂದೇ ಹೇಳಬಹುದು. 1887ರಿಂದ ಬಳಕೆಯಲ್ಲಿರುವ ಈ ತೋಟೆಯಲ್ಲೇ ಇಂದಿಗೂ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುತ್ತದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದೂ ಅದರಲ್ಲೇ.

ಅದರ ದೋಷವನ್ನೂ ಹೇಳಬೇಕು. ಇದರಲ್ಲಿ ಕಿಡಿ ಹುಟ್ಟಿಸುವ ರಾಸಾಯನಿಕ ತೋಟೆಯ ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಎಲ್ಲಿಯಾದರೂ ಅದು ತೆಳುವಾಗಿದ್ದು ಪಿನ್ನು ಅಲ್ಲೇ ಬಡಿದರೆ ತೋಟೆ ಹಾರುವುದಿಲ್ಲ. ಹಾಗಾದಾಗ ತಕ್ಷಣ ಬೋಲ್ಟ್ ಎಳೆಯದೆ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು, ಏಕೆಂದರೆ ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ತೋಟೆಯ ಬೆಲೆಯೂ ಈಗ ಅಗ್ಗವೇನಲ್ಲ. ಬಲದ ವಿಷಯದಲ್ಲಿ ಖಡಕಿಯ ಹಿರಿಯರು ಕೊಟ್ಟ ಅಂಕಿಗಳೇ ಸಾಕು.

ಮುಂಬೈಯವರಿಗಾದರೆ ವರಳಿಯಲ್ಲಿ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜ್ (ಗುರಿ ಅಭ್ಯಾಸದ ಜಾಗ) ಇದೆ. ತಮಗೆ ಬಾಲೇವಾಡಿಯ ರೇಂಜ್ ಮನೆಯ ಹತ್ತಿರವೇ. ಮೊದಲು .177 ಏರ್ ರೈಫಲ್‌ನಿಂದ ಶುರುಮಾಡಿ. ಆ ಬೋರಿನ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿಯೂ ಬೇಕಿಲ್ಲ. ಒಂದು ಮಳೆಗಾಲ ಅದರಲ್ಲಿ ಹತ್ತು ಮೀಟರ್ ಅಭ್ಯಾಸ ಮಾಡಿದ ಮೇಲೆಯೂ ತಮಗೆ ರೈಫಲ್ ಬೇಕೆನಿಸಿದರೆ ಆಗ ಕ್ಲಬ್ಬಿನ ಮೂಲಕ .22ಕ್ಕೆ ಅರ್ಜಿ ಹಾಕಿ.

ಉತ್ತರ 5: ನಿವೃತ್ತ ತಪಾಸಣಾಧಿಕಾರಿ, ಖಡಕಿ

ಸತ್ತರಿಯವರ ಮುರಕಲ್ಲಿನ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ಅಂಥ ನೆಲದಲ್ಲಿ 12 ಬೋರ್ ಸರಿ, ಅದರ ತೋಟೆಯನ್ನೂ ನಮ್ಮ ಖಡಕಿಯೇ ಮಾಡುತ್ತದೆ. ಆದರೆ ಬಾಲೇವಾಡಿಯವರ ತೀರ್ಮಾನಕ್ಕೆ ಒಂದು ಆಕ್ಷೇಪವಿದೆ. ಗುರಿ ಅಭ್ಯಾಸಕ್ಕೆಂದು ಪಡೆದ .22 ಪರವಾನಗಿ ಗುರಿ ಅಭ್ಯಾಸಕ್ಕೇ. ಅದನ್ನು ಮನಸ್ಸಿನಲ್ಲಿ ತುರ್ತು ರಕ್ಷಣೆಯ ಸಾಧನವೆಂದು ಎಣಿಸಿಕೊಂಡು ಅರ್ಜಿಯಲ್ಲಿ ಕ್ರೀಡೆ ಎಂದು ಬರೆಯುವುದು ಸಲ್ಲದು. ಹಂದಿಯಂಥ ಪ್ರಾಣಿ ಎದುರಾದರೆ .22ರಿಂದ ಗಾಯಗೊಳಿಸಿ ರೊಚ್ಚಿಗೆಬ್ಬಿಸುವುದಕ್ಕಿಂತ ಹಿಂದೆ ಸರಿಯುವುದೇ ಮೇಲು. ಕಲಿಯುವುದಕ್ಕೆ .22 ಎಂದರೆ ಪೂರ್ಣ ಒಪ್ಪಿಗೆ, ಎಲ್ಲಕ್ಕೂ .22 ಎಂದರೆ ಇಲ್ಲ.

ಪ್ರಶ್ನೆ ಕೇಳಿದವರ ಮಾತು: ವಾಕಡ್ ನಿವಾಸಿ

ಎಲ್ಲರಿಗೂ ವಂದನೆ. ನಕ್ಷೆಯಲ್ಲಿ ಅಳೆದು ನೋಡಿದೆ. ಮಾವನವರ ತೋಟ ಅಭಯಾರಣ್ಯದ ಗಡಿಯಿಂದ ಹತ್ತು ಕಿಲೋಮೀಟರಿನ ಒಳಗೇ ಬರುತ್ತದೆ. ಅವರ ಬಳಿ ಹಳೆಯ ಒಂಟಿ ನಳಿಗೆಯ 12 ಬೋರ್ ಪರವಾನಗಿ ಸಮೇತ ಇದೆಯೆಂಬುದನ್ನು ನಿನ್ನೆ ಫೋನಿನಲ್ಲಿ ವಿಚಾರಿಸಿದಾಗ ಹೇಳಿದರು. ನವೀಕರಣದ ದಿನಾಂಕ ಹತ್ತಿರ ಬಂದಿರುವುದರಿಂದ ಆ ಕೆಲಸವನ್ನು ಮೊದಲು ಮುಗಿಸಿಕೊಡುತ್ತೇನೆ. ವಾಕಡ್‌ನ ಮನೆಗೆ ಯಾವ ಬಂದೂಕೂ ಬೇಡವೆಂದು ತೀರ್ಮಾನಿಸಿದ್ದೇನೆ. ಬಾಲೇವಾಡಿಗೆ ಮಗಳನ್ನೂ ಕರೆದುಕೊಂಡು ಹೋಗುವ ಮನಸ್ಸಿದೆ.

ಒಂದು ಸಂಶಯ ಉಳಿದಿದೆ: ಮಾವನವರ ಕಪಾಟಿನಲ್ಲಿ ಎಷ್ಟೋ ವರ್ಷ ಹಿಂದಿನ, ಬುಡಕ್ಕೆ ಕಿಲುಬು ಹಿಡಿದ ತೋಟೆಗಳಿವೆಯಂತೆ. ಅವನ್ನು ಏನು ಮಾಡುವುದು?

ಉತ್ತರ 6: ತೋಟದವ, ಸತ್ತರಿ

ಕಿಲುಬನ್ನು ಉಜ್ಜಿ ತೆಗೆದು ಬಳಸಲು ಹೋಗಬೇಡಿ, ಬಿಚ್ಚಬೇಡಿ, ಸುಡಬೇಡಿ, ಬಾವಿಗೋ ಹೊಳೆಗೋ ಎಸೆಯಲೂ ಬೇಡಿ. ಪರವಾನಗಿಯಲ್ಲಿ ನಮೂದಾಗಿರುವ ತೋಟೆಗಳಾದ್ದರಿಂದ ಅವುಗಳ ಲೆಕ್ಕ ಕೊಡಬೇಕಾಗುತ್ತದೆ. ಮಾವನವರು ನವೀಕರಣಕ್ಕೆಂದು ಹೋಗುವಾಗ ಪರವಾನಗಿ ಪುಸ್ತಕದೊಂದಿಗೆ ಠಾಣೆಯಲ್ಲಿ ವಿಷಯ ತಿಳಿಸಿ, ಒಪ್ಪಿಸಿ, ರಸೀದಿ ಪಡೆದುಕೊಳ್ಳಲಿ. ಹೊಸ ತೋಟೆ ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಿಕೆಯ ವರ್ಷ ನೋಡಿ ತೆಗೆದುಕೊಳ್ಳಿ, ಮತ್ತು ಹಳೆಯ ಕೋವಿಯ ನಳಿಗೆಯೊಳಗೆ ಬೆಳಕು ಹಾಯಿಸಿ ತುಕ್ಕಿನ ಗುಳಿಗಳಿವೆಯೇ, ಬುಡದ ಕೀಲು ಸಡಿಲವಾಗಿದೆಯೇ ಎಂದು ಪರವಾನಗಿ ಪಡೆದ ಬಂದೂಕು ರಿಪೇರಿಯವರಿಂದ ಒಮ್ಮೆ ನೋಡಿಸದೆ ಒಂದೂ ಈಡು ಹಾರಿಸಬೇಡಿ.